ನಿಂತರೆ ತೊಂದರೆಯಿಲ್ಲ, ಕೂತರೆ ಮಾತ್ರ...

ಬರೆಯದೆ ತುಂಬಾ ದಿನ ಆಯ್ತು. ಕೆಲಸದ ಗಡಿಬಿಡಿ ಅನ್ನೋ ಹಳೇ ನೆಪ ಹೇಳಿದರೆ ನೀವೇ ನಗ್ತೀರಿ, ಹಾಗಾಗಿ ಹೇಳಲ್ಲ. ಈ ಸಲ ಒಬ್ಬ ವಿಚಿತ್ರ ಮನುಷ್ಯನ ಕಥೆ ಇದೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ತಗೊಂಡು ಕೂತ್ಕೊಳ್ಳಿ. ಯಾಕೆ "ಕೂತ್ಕೊಳ್ಳಿ" ಅಂದೆ ಅನ್ನೋದು ಆಮೇಲೆ ಗೊತ್ತಾಗುತ್ತೆ :-)

ಆನ್‌ಸೈಟ್ ಅಂತ ನನ್ನನ್ನು ಒಂದೂವರೆ ವರ್ಷ ಅಮೆರಿಕದ ಷಾರ್ಲಟ್‌ಗೆ ಕಳಿಸಿದ್ದರು. ನಾರ್ತ್ ಕೆರೊಲಿನಾ ರಾಜ್ಯದ ದೊಡ್ಡ ಊರು. ಬ್ಯಾಂಕುಗಳ ಊರು, ಹಾಗಾಗಿ ನಮ್ಮಂಥ ಕೋಡು ಕುಟ್ಟುವವರ ಊರೂ ಹೌದು. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಹೆಂಡತಿ ರಾಣಿ ಷಾರ್ಲಟ್‌ಳ ಹೆಸರನ್ನೇ ಊರಿಗೆ ಇಟ್ಟಿದ್ದಾರೆ. ಇದೇ ಮೂರನೇ ಜಾರ್ಜ್ ಕಾಲದಲ್ಲೇ ೧೭೯೯ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದಿದ್ದು. ಊರಿಗೂ ನಮಗೂ ಅಷ್ಟರಮಟ್ಟಿಗೆ ಸಂಬಂಧ ಇದೆ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಕಾರಿಲ್ಲದವನಿಗೆ ಅಲ್ಲಿ ಶನಿವಾರ ಭಾನುವಾರ ಕಳೆಯೋದು ದೊಡ್ಡ ಶಿಕ್ಷೆ. ಒಂದು ಶನಿವಾರ ಹಳೇ ಪುಸ್ತಕದ ಅಂಗಡಿಯಲ್ಲಿ ಸುಮ್ಮನೆ ಕೈಯಾಡಿಸುವಾಗ "ಓನ್ಲಿ ಇನ್ ಅಮೆರಿಕಾ" ಅನ್ನೋ ಹಳದಿಗಟ್ಟಿದ ಪುಸ್ತಕ ಸಿಕ್ಕಿತು. ಬರೆದವನು ಹ್ಯಾರಿ ಗೋಲ್ಡನ್. ೧೯೫೮ರ ಪುಸ್ತಕ. ಹಿಂದಿನ ರಕ್ಷಾಪುಟದಲ್ಲಿ ಲೇಖಕ ಷಾರ್ಲಟ್‌ನವನು ಅಂತ ಇತ್ತು. ನಮ್ಮೂರಿನವನಲ್ಲವಾ ಅಂತ ಎರಡು ಡಾಲರ್ ಕೊಟ್ಟು ತಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಗೋಲ್ಡನ್ ಹುಟ್ಟಿದ್ದು ೧೯೦೨ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿಗೆ ಸೇರಿದ್ದ, ಈಗ ಉಕ್ರೇನ್‌ನಲ್ಲಿರುವ ಒಂದು ಸಣ್ಣ ಊರಿನಲ್ಲಿ. ಯಹೂದಿ ಕುಟುಂಬ. ಹುಟ್ಟು ಹೆಸರು ಹರ್ಷೆಲ್ ಗೋಲ್ಡ್‌ಹಿರ್ಷ್. ಚಿಕ್ಕವನಿದ್ದಾಗಲೇ ಮನೆಮಂದಿ ನ್ಯೂಯಾರ್ಕಿಗೆ ಬಂದು, ಬಡವರೇ ಕಿಕ್ಕಿರಿದಿದ್ದ ಲೋಯರ್ ಈಸ್ಟ್ ಸೈಡ್‌ನಲ್ಲಿ ನೆಲೆಸಿದರು. ದೊಡ್ಡವನಾದ ಮೇಲೆ ಷೇರು ದಲ್ಲಾಳಿಯಾದ. ಗಿರಾಕಿಗಳ ದುಡ್ಡಿನ ವಿಷಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ. ಟಪಾಲು ಮೂಲಕ ವಂಚನೆ ಅನ್ನೋ ಅಪರಾಧಕ್ಕೆ ಅಟ್ಲಾಂಟಾದ ಫೆಡರಲ್ ಜೈಲಿನಲ್ಲಿ ಕೆಲವು ವರ್ಷ ಕಳೆದ. ಹೊರಗೆ ಬಂದು, ಹೆಸರು ಬದಲಾಯಿಸಿಕೊಂಡು, ೧೯೪೧ರಲ್ಲಿ ಯಾರೂ ಗುರುತಿಲ್ಲದ ಷಾರ್ಲಟ್‌ಗೆ ಬಂದು ಸೇರಿದ.

ಅಂದರೆ ದಕ್ಷಿಣದವರ ಕಣ್ಣಲ್ಲಿ ಎಲ್ಲ ರೀತಿಯಲ್ಲೂ ಹೊರಗಿನವನು. ಯಹೂದಿ, ನ್ಯೂಯಾರ್ಕಿನವನು, ಮೇಲಾಗಿ (ಅವರಿಗೆ ಗೊತ್ತಿರಲಿಲ್ಲ) ಜೈಲಿಗೆ ಹೋಗಿ ಬಂದವನು.

ಆತ ೧೯೪೦ರ ದಶಕದ ಮೊದಲ ಭಾಗದಲ್ಲಿ "ಕೆರೊಲಿನಾ ಇಸ್ರೇಲೈಟ್" ಅಂತ ಒಂದು ಪತ್ರಿಕೆ ಶುರು ಮಾಡಿದ. ಸಂಪಾದಕ, ವರದಿಗಾರ, ಅಂಕಣಕಾರ ಎಲ್ಲಾ ಅವನೇ. ಸುದ್ದಿ ಅನ್ನೋದು ಅದರಲ್ಲಿ ಇರಲೇ ಇಲ್ಲ ಅಂದರೂ ತಪ್ಪಿಲ್ಲ. ಊರಿನ ಮಾತು, ಬಾಲ್ಯದ ನೆನಪು, ಊಟ-ತಿಂಡಿ, ಷೇಕ್ಸ್‌ಪಿಯರ್, ರಾಜಕಾರಣ, ಹೀಗೆ ತಲೆಗೆ ಬಂದದ್ದನ್ನೆಲ್ಲ ಚುಟುಕು ಚುಟುಕಾಗಿ ಬರೆಯುತ್ತಿದ್ದ. ಬರೆದದ್ದನ್ನು ಒಂದು ಪೀಪಾಯಿಗೆ ಎಸೆಯುತ್ತಿದ್ದನಂತೆ. ಸಂಚಿಕೆ ಅಚ್ಚಿಗೆ ಹೋಗುವಾಗ ಅದಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ತೆಗೆದು ಕೊಡುತ್ತಿದ್ದ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಡಾಕ್ಟರ್ ಎಂ. ಶಿವರಾಂ ಅವರು ೧೯೪೨ರಲ್ಲಿ "ಕೊರವಂಜಿ" ಶುರು ಮಾಡಿ ೨೫ ವರ್ಷ ನಡೆಸಿದರಲ್ಲ, ಅದು ನೆನಪಾಯ್ತು. ಸಮುದ್ರದ ಆಚೆ ಈಚೆ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ನಗಿಸುತ್ತಲೇ ಚುಚ್ಚುವ ಕೆಲಸ ಮಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಗೋಲ್ಡನ್ ಒಬ್ಬ ತಮಾಷೆಯ ಬರಹಗಾರ ಅಂತ ಓದಿ ಮರೆತುಬಿಡುತ್ತಿದ್ದೆ. ಆದರೆ ಅವನು ಬರೆಯುತ್ತಿದ್ದ ಜಾಗ, ಕಾಲ ಎರಡೂ ತಮಾಷೆಯದ್ದಾಗಿರಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟು ೧೮೯೬ರಲ್ಲಿ "ಬೇರೆ ಬೇರೆ ಇಡಿ, ಸಮನಾಗಿದ್ದರೆ ಸಾಕು" ಅನ್ನೋ ಅರ್ಥದ ತೀರ್ಪು ಕೊಟ್ಟಿತ್ತು. ದಕ್ಷಿಣದ ರಾಜ್ಯಗಳು "ಬೇರೆ ಬೇರೆ" ಅನ್ನೋದನ್ನು ಗಟ್ಟಿಯಾಗಿ ಹಿಡಿದುಕೊಂಡವು, "ಸಮ" ಅನ್ನೋದನ್ನು ಮರೆತವು. ಶಾಲೆ, ಬಸ್ಸಿನ ಸೀಟು, ಸಿನಿಮಾ ಟಾಕೀಸು, ಕುಡಿಯುವ ನೀರಿನ ನಲ್ಲಿ, ಎಲ್ಲದಕ್ಕೂ ಬಿಳಿಯರಿಗೊಂದು, ಕರಿಯರಿಗೊಂದು ಬೋರ್ಡು. ೧೯೫೪ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ಅದೇ ಕೋರ್ಟು ಶಾಲೆಗಳಲ್ಲಿ ಈ ಭೇದ ನಡೆಯಕೂಡದು ಅಂದಿತು. ಶುರುವಾಯಿತು ನೋಡಿ ಗಲಾಟೆ. ನಾರ್ತ್ ಕೆರೊಲಿನಾ ಬೇರೆ ರಾಜ್ಯಗಳಷ್ಟು ಕೂಗಾಡಲಿಲ್ಲ. ಬುದ್ಧಿವಂತಿಕೆಯಿಂದ ೧೯೫೬ರಲ್ಲಿ "ಪಿಯರ್ಸಲ್ ಪ್ಲಾನ್" ಅಂತ ಒಂದನ್ನು ತಂದಿತು. ಮಕ್ಕಳನ್ನು ಕರಿಯರ ಜೊತೆ ಕೂರಿಸಲು ಇಷ್ಟವಿಲ್ಲದ ತಂದೆತಾಯಿಗೆ ಖಾಸಗಿ ಶಾಲೆಗೆ ಸರ್ಕಾರವೇ ದುಡ್ಡು ಕೊಡಬಹುದು, ಬೇಕಾದರೆ ಆಯಾ ಊರಿನವರು ಮತ ಹಾಕಿ ಸರ್ಕಾರಿ ಶಾಲೆಯನ್ನೇ ಮುಚ್ಚಬಹುದು, ಇತ್ಯಾದಿ. ತಿದ್ದುಪಡಿಗೆ ಜನರೂ ಮತ ಹಾಕಿ ಒಪ್ಪಿಗೆ ಕೊಟ್ಟರು.

ಆಗ ಗೋಲ್ಡನ್ ತನ್ನ ಪತ್ರಿಕೆಯಲ್ಲಿ ಒಂದು ಪರ್ಯಾಯ ಯೋಜನೆ ಪ್ರಕಟಿಸಿದ. ಹೆಸರು "ವರ್ಟಿಕಲ್ ನೀಗ್ರೋ ಪ್ಲಾನ್". (ನೀಗ್ರೋ ಅನ್ನೋದು ಆ ಕಾಲದ ಪದ, ಈಗ ಯಾರೂ ಬಳಸಲ್ಲ.) ಅವನ ವಾದ ಸರಳ. ಸ್ವಾಮಿ, ನಾನು ಈ ಊರನ್ನು ಗಮನಿಸಿದ್ದೀನಿ. ಕಿರಾಣಿ ಅಂಗಡಿಯ ಕೌಂಟರಿನಲ್ಲಿ ಬಿಳಿಯ, ಕರಿಯ ಒಟ್ಟಿಗೇ ನಿಂತಿರ್ತಾರೆ. ಬ್ಯಾಂಕಿನಲ್ಲಿ ಒಂದೇ ಕಿಟಕಿಗೆ ಇಬ್ಬರೂ ದುಡ್ಡು ಕಟ್ತಾರೆ. ಫೋನ್ ಬಿಲ್ಲು, ಕರೆಂಟು ಬಿಲ್ಲು ಕಟ್ಟೋದೂ ಒಂದೇ ಗುಮಾಸ್ತನಿಗೆ. ಯಾರಿಗೂ ಏನೂ ಅನಿಸಲ್ಲ. ಕರಿಯ ನಿಂತಿರುವವರೆಗೂ ಈ ಊರಿನಲ್ಲಿ ಭೇದವೇ ಇಲ್ಲ. ಅವನು ಕೂತ ತಕ್ಷಣ ತಕರಾರು ಶುರು. ಆದ್ದರಿಂದ ಶಾಸನಸಭೆ ಇಷ್ಟೆಲ್ಲ ಕಷ್ಟಪಡೋದು ಬೇಡ, ಒಂದೇ ಒಂದು ತಿದ್ದುಪಡಿ ಮಾಡಲಿ. ಶಾಲೆಗಳಲ್ಲಿ ಮೇಜು ಮಾತ್ರ ಇರಲಿ, ಬೆಂಚು-ಕುರ್ಚಿ ಎಲ್ಲ ತೆಗೆದುಬಿಡಿ. ಮಕ್ಕಳು ನಿಂತೇ ಓದಲಿ. ಕೂತು ಓದಿಯೂ ಹೇಗೂ ಏನೂ ಕಲೀತಿಲ್ಲ, ನಿಂತಾದರೂ ಕಲಿತಾರೇನೋ ನೋಡೋಣ!

ನಾನು ಒಬ್ಬನೇ ರೂಮಿನಲ್ಲಿ ಜೋರಾಗಿ ನಕ್ಕೆ. ಮೊದಲು ನೆನಪಾಗಿದ್ದು ನಮ್ಮ ದರ್ಶಿನಿಗಳು. ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಗಲ್ಲಿಗಲ್ಲಿಗೂ ಹರಡಿದ ಆ ನಿಂತು ತಿನ್ನುವ ಹೋಟೆಲುಗಳು. ಟೋಕನ್ ತಗೊಂಡು, ತಟ್ಟೆ ಹಿಡಿದು, ಆ ಗುಂಡು ಮೇಜಿನ ಸುತ್ತ ನಾಲ್ಕು ಜನ ಅಪರಿಚಿತರು ಇಡ್ಲಿ ತಿಂತೀವಲ್ಲ, ಪಕ್ಕದವನ ಜಾತಿ ಯಾವನು ಕೇಳ್ತಾನೆ? ಗೋಲ್ಡನ್ ಹೇಳಿದ ಪ್ಲಾನು ನಮ್ಮಲ್ಲಿ ಜಾರಿಗೆ ಬಂದುಬಿಟ್ಟಿದೆಯಲ್ಲ ಅಂತ ಖುಷಿಯಾಯ್ತು. ಮದುವೆಮನೆಯ ಬಫೆಯೂ ಹಾಗೇ. ಪಂಕ್ತಿ ಅಂತ ಇದ್ದರೆ ತಾನೇ ಪಂಕ್ತಿಭೇದ!

ಆ ನಗು ಜಾಸ್ತಿ ಹೊತ್ತು ಉಳಿಯಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಗೋಲ್ಡನ್ ಹತ್ತಿರ ಇಂಥವು ಇನ್ನೂ ಇದ್ದವು. ಒಂದು "ಬಿಳಿ ಮಗು ಯೋಜನೆ". ಕರಿಯರನ್ನು ಬಿಡದ ಟಾಕೀಸಿನಲ್ಲಿ "ಹ್ಯಾಮ್ಲೆಟ್" ಸಿನಿಮಾ ನೋಡಬೇಕು ಅಂತ ಇಬ್ಬರು ಕರಿಯ ಟೀಚರುಗಳು ಪರಿಚಯದವರ ಬಿಳಿ ಮಕ್ಕಳನ್ನು ಎರವಲು ತಂದು, ಅವರ ಆಯಾಗಳಂತೆ ಒಳಗೆ ಹೋದರಂತೆ. ಆಳಾಗಿ ಬಂದರೆ ಒಳಗೆ ಬಿಡ್ತಾರೆ, ಪ್ರೇಕ್ಷಕಿಯಾಗಿ ಬಂದರೆ ಬಿಡಲ್ಲ. ಹಾಗಾದರೆ ಸಿನಿಮಾ ಬೇಕಾದವರಿಗೆಲ್ಲ ಒಂದೊಂದು ಬಿಳಿ ಮಗು ಬಾಡಿಗೆಗೆ ಕೊಡೋಣ ಅಂತ ಗೋಲ್ಡನ್ ಸಲಹೆ. ಇನ್ನೊಂದು "ರಿಪೇರಿ ಯೋಜನೆ". ಅವನೇ ಬರೆದುಕೊಂಡಿರುವ ಪ್ರಕಾರ, ಒಂದು ದೊಡ್ಡ ಅಂಗಡಿಯ ಮ್ಯಾನೇಜರನ್ನು ಒಪ್ಪಿಸಿ ಬಿಳಿಯರ ನೀರಿನ ನಲ್ಲಿಗೆ "ಕೆಟ್ಟಿದೆ" ಅಂತ ಬೋರ್ಡು ಹಾಕಿಸಿದ. ಮೊದಲು ಒಂದಿಬ್ಬರು ಹಿಂದೆ ಮುಂದೆ ನೋಡಿ ಕರಿಯರ ನಲ್ಲಿಯಲ್ಲಿ ಕುಡಿದರು. ಮೂರನೇ ವಾರ ಮುಗಿಯುವ ಹೊತ್ತಿಗೆ ಎಲ್ಲರೂ ಅಲ್ಲೇ ಕುಡಿಯುತ್ತಿದ್ದರಂತೆ. ಯಾರೂ ಸಾಯಲಿಲ್ಲ.

ಓದುವಾಗ ನಗು ಬರುತ್ತೆ. ಆದರೆ ಇದೇ ಷಾರ್ಲಟ್‌ನಲ್ಲಿ ಸೆಪ್ಟೆಂಬರ್ ೪, ೧೯೫೭ರಂದು ಏನಾಯ್ತು ಅಂತಲೂ ಹೇಳಬೇಕು. ಡಾರತಿ ಕೌಂಟ್ಸ್ ಅನ್ನೋ ೧೫ ವರ್ಷದ ಕರಿಯ ಹುಡುಗಿ ಮೊದಲ ಸಲ ಬಿಳಿಯರ ಹಾರ್ಡಿಂಗ್ ಹೈಸ್ಕೂಲಿಗೆ ಹೋದಳು. ಸುತ್ತ ಗುಂಪು ಕಟ್ಟಿಕೊಂಡು ಹುಡುಗ ಹುಡುಗಿಯರು ಕೂಗಿದರು, ಉಗಿದರು. ಅವಳು ತಲೆ ಎತ್ತಿಕೊಂಡು ನಡೆದು ಹೋಗುವ ಫೋಟೋ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಆ ಫೋಟೋದಲ್ಲಿ ನನಗೆ ಕಷ್ಟ ಕೊಟ್ಟಿದ್ದು ಅವಳ ಮುಖ ಅಲ್ಲ, ಹಿಂದೆ ನಗುತ್ತಿರುವ ಹುಡುಗರ ಮುಖ. ತೀರಾ ಸಾಮಾನ್ಯ ಹುಡುಗರು. ನಾನು ಪಿಯುಸಿ ಓದುವಾಗ ನನ್ನ ಕ್ಲಾಸಿನಲ್ಲಿದ್ದ ಹುಡುಗರ ಥರವೇ ಇದ್ದಾರೆ. ನಾಲ್ಕು ದಿನಕ್ಕೆ ಅವಳನ್ನು ಮನೆಯವರು ಶಾಲೆಯಿಂದ ಬಿಡಿಸಿದರು.

ಮುಂದಿನ ವರ್ಷ, ಅಂದರೆ ೧೯೫೮ರಲ್ಲಿ, ಗೋಲ್ಡನ್‌ನ ಬಿಡಿಬರಹಗಳೆಲ್ಲ ಸೇರಿ "ಓನ್ಲಿ ಇನ್ ಅಮೆರಿಕಾ" ಬಂತು. ಮುನ್ನುಡಿ ಬರೆದವರು ಕವಿ ಕಾರ್ಲ್ ಸ್ಯಾಂಡ್‌ಬರ್ಗ್. ಪುಸ್ತಕ ದೇಶದಲ್ಲೆಲ್ಲ ಬಿಸಿ ದೋಸೆ ಥರ ಖರ್ಚಾಯ್ತು. ಹೆಸರು ಬಂದ ಕೂಡಲೇ ಕಷ್ಟವೂ ಬಂತು. ಯಾರೋ ಹೆಸರಿಲ್ಲದ ಪತ್ರ ಬರೆದು ಅವನ ಜೈಲಿನ ವಿಷಯ ಬಯಲು ಮಾಡಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟುಕೊಂಡಿದ್ದ ಗುಟ್ಟು. ಗೋಲ್ಡನ್ ಸುಳ್ಳು ಹೇಳಲಿಲ್ಲ, ಹೌದು ನಾನೇ ಅಂತ ಒಪ್ಪಿಕೊಂಡ. ಷಾರ್ಲಟ್ ಅವನನ್ನು ಓಡಿಸಲಿಲ್ಲ. ಓದುಗರು ಬಿಡಲಿಲ್ಲ. ಪುಸ್ತಕದ ಮಾರಾಟವೂ ನಿಲ್ಲಲಿಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಿದೆ. ಮೋಸ ಮಾಡಿ ಜೈಲಿಗೆ ಹೋದ ಬಿಳಿಯನನ್ನು ಕ್ಷಮಿಸಿ ಪಕ್ಕದಲ್ಲಿ ಕೂರಿಸಿಕೊಂಡ ಅದೇ ಊರಿಗೆ, ಒಂದು ತಪ್ಪೂ ಮಾಡದ ೧೫ ವರ್ಷದ ಹುಡುಗಿಯನ್ನು ಒಂದು ವಾರ ಸಹಿಸಿಕೊಳ್ಳಲು ಆಗಿರಲಿಲ್ಲ.

ಇನ್ನು ಕೂರುವ ವಿಷಯ. ಫೆಬ್ರವರಿ ೧, ೧೯೬೦. ಷಾರ್ಲಟ್‌ನಿಂದ ಒಂದೂವರೆ ಗಂಟೆ ದಾರಿ, ಗ್ರೀನ್ಸ್‌ಬರೋ. ಅಲ್ಲಿನ ವುಲ್‌ವರ್ತ್ ಅಂಗಡಿಗೆ ನಾಲ್ವರು ಕರಿಯ ಕಾಲೇಜು ಹುಡುಗರು ಹೋದರು. ಮೊದಲು ಟೂತ್‌ಪೇಸ್ಟ್ ಅದೂ ಇದೂ ಕೊಂಡರು. ನಿಂತು ಕೊಂಡರು, ಅಂಗಡಿಯವರು ಆರಾಮಾಗಿ ಕೊಟ್ಟರು, ರಸೀದಿಯೂ ಕೊಟ್ಟರು. ಆಮೇಲೆ ಅದೇ ಅಂಗಡಿಯ ಊಟದ ಕೌಂಟರಿಗೆ ಹೋಗಿ ಸ್ಟೂಲ್ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅಲ್ಲಿ ನನ್ನ ದುಡ್ಡು ತಗೊಂಡಿರಿ, ಇಲ್ಲಿ ಯಾಕೆ ತಗೊಳ್ಳಲ್ಲ ಅನ್ನೋದು ಅವರ ಪ್ರಶ್ನೆ. ಅಂಗಡಿ ಮುಚ್ಚುವವರೆಗೂ ಕೂತೇ ಇದ್ದರು. ಮಾರನೇ ದಿನ ಇನ್ನಷ್ಟು ಜನ. ವಾರದೊಳಗೆ ನೂರಾರು ಜನ. ಫೆಬ್ರವರಿ ೯ಕ್ಕೆ ಷಾರ್ಲಟ್‌ನಲ್ಲೂ ಜಾನ್ಸನ್ ಸಿ. ಸ್ಮಿತ್ ವಿಶ್ವವಿದ್ಯಾಲಯದ ಹುಡುಗರು ಹೋಗಿ ಕೂತರು. ಗೋಲ್ಡನ್ ನಾಲ್ಕು ವರ್ಷ ಮೊದಲೇ ತಮಾಷೆಗೆ ಬರೆದಿದ್ದನ್ನು ಈ ಹುಡುಗರು ಸೊಂಟ ಬಗ್ಗಿಸಿ ತೋರಿಸಿದರು. ಸಮಸ್ಯೆ ಇರೋದೇ ಕೂರೋದರಲ್ಲಿ ತಾನೇ, ಹಾಗಾದರೆ ಕೂರ್ತೀವಿ.

ಆ ಅಂಗಡಿ ಈಗ ಮ್ಯೂಸಿಯಂ ಆಗಿದೆ. ೨೦೧೦ರಲ್ಲಿ ತೆರೆದರು. ನಾನೂ ಒಬ್ಬ ಸಹೋದ್ಯೋಗಿಯ ಕಾರಿನಲ್ಲಿ ಹೋಗಿ ನೋಡಿ ಬಂದೆ. ಉದ್ದನೆಯ ಕೌಂಟರು, ಸಾಲಾಗಿ ಸ್ಟೂಲುಗಳು. ಅಷ್ಟೇ. ಕೊನೆಗೆ ಜುಲೈ ೨೫, ೧೯೬೦ರಂದು ಅಂಗಡಿಯವರು ಸೋತು ಕರಿಯರಿಗೂ ಬಡಿಸಿದಾಗ, ಮೊದಲು ಕೂತು ತಿಂದವರು ಅದೇ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಕರಿಯ ನೌಕರರು. ದಿನಾ ಅಲ್ಲೇ ದುಡಿದವರು ಅಲ್ಲಿ ಕೂತು ತಿಂದದ್ದು ಅವತ್ತೇ ಮೊದಲು.

ಗೋಲ್ಡನ್‌ನ ಪ್ಲಾನು ನಿಜವಾಗಿ ಜಾರಿಗೆ ಬಂದ ಕಥೆಯೂ ಇದೆ, ನಂಬ್ತೀರೋ ಇಲ್ಲವೋ. ಪಕ್ಕದ ವರ್ಜೀನಿಯಾ ರಾಜ್ಯದ ಡ್ಯಾನ್ವಿಲ್ ಅನ್ನೋ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕರಿಯರನ್ನೂ ಬಿಡಿ ಅಂತ ೧೯೬೦ರಲ್ಲಿ ಕೋರ್ಟು ಆದೇಶ ಮಾಡಿತು. ಊರಿನವರು ಗ್ರಂಥಾಲಯವನ್ನೇ ಮುಚ್ಚಿದರು. ಕೆಲವು ತಿಂಗಳ ನಂತರ ತೆರೆದಾಗ ಒಳಗೆ ಒಂದು ಕುರ್ಚಿ ಇರಲಿಲ್ಲ, ಒಂದು ಮೇಜಿರಲಿಲ್ಲ! ಬನ್ನಿ, ಪುಸ್ತಕ ತಗೊಳ್ಳಿ, ನಿಂತು ನೋಡಿ, ಹೋಗಿ. ಇದಕ್ಕೆ "ವರ್ಟಿಕಲ್ ಇಂಟಿಗ್ರೇಷನ್" ಅಂತಲೇ ಹೆಸರಿತ್ತು. ೧೯೬೨ರಲ್ಲಿ ಅಲಬಾಮಾದ ಮಾಂಟ್ಗಮರಿಯ ಗ್ರಂಥಾಲಯದಲ್ಲೂ ಹೀಗೇ ಮಾಡಿದರು. ಗೋಲ್ಡನ್ ಗೇಲಿ ಮಾಡಲು ಬರೆದಿದ್ದನ್ನು ಇವರು ಗಂಭೀರವಾಗಿ ಮಾಡಿ ತೋರಿಸಿದರು.

೧೯೬೩ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪ್ರಸಿದ್ಧ ಪತ್ರದಲ್ಲಿ, ನಮ್ಮ ಹೋರಾಟವನ್ನು ಅರ್ಥ ಮಾಡಿಕೊಂಡು ಬರೆದ ದಕ್ಷಿಣದ ಬಿಳಿಯರು ಅಂತ ಕೆಲವೇ ಹೆಸರು ಹೇಳುತ್ತಾರೆ. ಅದರಲ್ಲಿ ಹ್ಯಾರಿ ಗೋಲ್ಡನ್ ಹೆಸರೂ ಇದೆ. ಎಲ್ಲಿಂದಲೋ ಬಂದ ವಲಸಿಗನಿಗೆ "ದಕ್ಷಿಣದವನು" ಅಂತ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ? ೧೯೬೮ರಲ್ಲಿ ಪತ್ರಿಕೆ ನಿಂತಿತು. ೧೯೭೧ರಲ್ಲಿ ಷಾರ್ಲಟ್‌ನ ಶಾಲೆಗಳ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸಿಯಾದರೂ ಬೆರೆಸಬಹುದು ಅಂತ ತೀರ್ಪು ಕೊಟ್ಟಿತು. ಗೋಲ್ಡನ್ ೧೯೮೧ರಲ್ಲಿ ತೀರಿಕೊಂಡ.

ಈಗ ನನ್ನ ನಗು ನಿಂತ ವಿಷಯ.

ದರ್ಶಿನಿ ನೆನೆಸಿಕೊಂಡು ನಕ್ಕೆ ಅಂದೆನಲ್ಲ, ಅದರ ಹಿಂದೆಯೇ ನೆನಪಾಗಿದ್ದು ಮಲೆನಾಡಿನ ನಮ್ಮ ಅಜ್ಜಿಮನೆ. ಬೇಸಿಗೆ ರಜೆ ಪೂರ್ತಿ ಅಲ್ಲೇ ಇರ್ತಿದ್ದೆ. ಅಡಿಕೆ ತೋಟದ ಕೆಲಸಕ್ಕೆ ಒಬ್ಬ ವಯಸ್ಸಾದವರು ಬರ್ತಿದ್ದರು. ಹತ್ತು ಗಂಟೆಗೆ ಕಾಫಿ. ಅಂಗಳದ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಸ್ಟೀಲ್ ಲೋಟವನ್ನು ಅವರೇ ತೆಗೆದು, ತೊಳೆದು, ಕೆಳಗೆ ಇಡ್ತಿದ್ದರು. ಅಜ್ಜಿ ಮೇಲಿನಿಂದ ಕಾಫಿ ಸುರೀತಿದ್ದಳು. ಒಳ್ಳೆಯ ಕಾಫಿಯೇ, ನಾವು ಕುಡಿಯುತ್ತಿದ್ದ ಅದೇ ಕಾಫಿ. ಜೊತೆಗೆ ದೋಸೆ, ಬೆಲ್ಲ. ಅಜ್ಜಿಯ ಕೈ ದೊಡ್ಡದು, ಯಾರನ್ನೂ ಹಸಿದು ಕಳಿಸಿದವಳಲ್ಲ. ಅವರು ನಿಂತೇ ಕುಡಿದು, ಲೋಟ ತೊಳೆದು, ಮತ್ತೆ ಮಾಡಿಗೆ ಸಿಕ್ಕಿಸಿ ಹೋಗ್ತಿದ್ದರು. ಏಳು ವರ್ಷದ ನಾನು ಅವರನ್ನು "ನೀನು" ಅಂತಿದ್ದೆ. ನನ್ನ ಅಜ್ಜನಷ್ಟು ವಯಸ್ಸಾದವರನ್ನು. ಅವರು ನನ್ನನ್ನು "ಸಣ್ಣಯ್ಯ, ಬನ್ನಿ" ಅಂತಿದ್ದರು.

ಅವರು ಕೂತಿದ್ದನ್ನು ನಾನು ನೋಡಿಯೇ ಇಲ್ಲ. ಅದು ನನಗೆ ಗೊತ್ತಾಗಿದ್ದು ಇಪ್ಪತ್ತು ವರ್ಷದ ಮೇಲೆ, ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ, ಎರಡು ಡಾಲರಿನ ಪುಸ್ತಕ ಓದುವಾಗ. ಅಸ್ಪೃಶ್ಯತೆ ರದ್ದಾಯಿತು ಅಂತ ಸಂವಿಧಾನದ ೧೭ನೇ ವಿಧಿ ಹೇಳಿದ್ದು ೧೯೫೦ರಲ್ಲಿ, ಬ್ರೌನ್ ತೀರ್ಪಿಗಿಂತ ನಾಲ್ಕು ವರ್ಷ ಮೊದಲೇ. ಶಾಲೆಯಲ್ಲಿ ಆ ವಿಧಿಯನ್ನು ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ಮಾರ್ಕ್ಸ್ ತಗೊಂಡಿದ್ದೀನಿ. ಆ ಲೋಟಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ಆ ವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ. "ಅಮ್ಮ, ಅಜ್ಜಿಮನೆ ಅಂಗಳದಲ್ಲಿ ಒಂದು ಲೋಟ ಇರ್ತಿತ್ತಲ್ಲ?"

"ಯಾವ ಲೋಟನೋ?"

ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅಯ್ಯೋ, ಅದೆಲ್ಲ ಅಜ್ಜಿ ಕಾಲಕ್ಕೇ ಹೋಯ್ತು ಕಣೋ. ಈಗ ಯಾರು ಹಾಗೆ ಮಾಡ್ತಾರೆ? ಈಗ ಕೆಲಸದವ್ರಿಗೆ ಪೇಪರ್ ಲೋಟ ತಂದಿಟ್ಟಿದೀವಿ. ಕುಡಿದು ಬಿಸಾಕಿದ್ರೆ ಆಯ್ತು, ತೊಳೆಯೋ ತಾಪತ್ರಯಾನೂ ಇಲ್ಲ" ಅಂದಳು.

ಅಮ್ಮ ಕೆಟ್ಟವಳಲ್ಲ. ಅಜ್ಜಿಯೂ ಕೆಟ್ಟವಳಾಗಿರಲಿಲ್ಲ. ನನಗೆ ಡ್ಯಾನ್ವಿಲ್‌ನ ಆ ಕುರ್ಚಿಯಿಲ್ಲದ ಗ್ರಂಥಾಲಯ ಕಣ್ಣ ಮುಂದೆ ಬಂತು. ಬೋರ್ಡು ತೆಗೆದಿದ್ದಾರೆ, ಬಾಗಿಲು ತೆಗೆದಿದ್ದಾರೆ, ಕೂರಲು ಮಾತ್ರ ಏನೂ ಇಟ್ಟಿಲ್ಲ. "ನಮಗೂ ಪೇಪರ್ ಲೋಟಾನೇನಾ ಅಮ್ಮ?" ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅಷ್ಟು ದೂರದಿಂದ ಜಗಳ ಬೇಡ ಅಂತ ಸುಮ್ಮನಾದೆ ಅಂತ ಹೇಳಿಕೊಳ್ತೀನಿ, ನಿಜ ಹೇಳಬೇಕಂದ್ರೆ ಧೈರ್ಯ ಆಗಲಿಲ್ಲ.

ವಾಪಸ್ ಬಂದ ಮೇಲೆ ಹೋದ ಅಡಿಕೆ ಕೊಯ್ಲಿಗೆ ಊರಿಗೆ ಹೋಗಿದ್ದೆ. ಈಗ ಕೆಲಸಕ್ಕೆ ಬರೋದು ಆ ಹಿರಿಯರ ಮಗ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಹತ್ತು ಗಂಟೆಗೆ ಅಮ್ಮ ಪೇಪರ್ ಲೋಟದಲ್ಲಿ ಕಾಫಿ ತಂದಳು. ನಾನು ಒಳಗೆ ಹೋಗಿ ಎರಡು ಸ್ಟೀಲ್ ಲೋಟ ತಂದು, ಒಂದಕ್ಕೆ ಆ ಕಾಫಿಯನ್ನು ಬಗ್ಗಿಸಿ ಕೊಟ್ಟೆ. ಅಮ್ಮ ನೋಡಿದಳು, ಏನೂ ಅನ್ನಲಿಲ್ಲ. ನಾನು ಜಗಲಿ ಕಟ್ಟೆ ಮೇಲೆ ಕೂತು "ಬನ್ನಿ, ಕೂತ್ಕೊಳ್ಳಿ" ಅಂದೆ.

ಅವರು ಒಂದು ಸಲ ಅಮ್ಮನ ಕಡೆ, ಒಂದು ಸಲ ಕಟ್ಟೆ ಕಡೆ ನೋಡಿದರು. "ಇರ್ಲಿ ಬಿಡಿ, ನಿಂತೇ ಅಭ್ಯಾಸ" ಅಂತ ನಕ್ಕು, ಎರಡೇ ಗುಟುಕಿಗೆ ಕಾಫಿ ಮುಗಿಸಿ, ಲೋಟ ತೊಳೆದು ಕಟ್ಟೆಯ ತುದಿಗೆ ಇಟ್ಟು ತೋಟಕ್ಕೆ ಹೋದರು.

ಆ ಲೋಟವನ್ನು ಒಳಗೆ ತೆಗೆದುಕೊಂಡು ಹೋಗಿ ಉಳಿದ ಲೋಟಗಳ ಜೊತೆ ಇಟ್ಟೆ. ಸಂಜೆ ಅಮ್ಮ ಅದರಲ್ಲೇ ನನಗೆ ಕಾಫಿ ಕೊಟ್ಟಳು. ಗೊತ್ತಿದ್ದು ಕೊಟ್ಟಳೋ, ಗೊತ್ತಿಲ್ಲದೆ ಕೊಟ್ಟಳೋ, ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಿಮ್ಮ ಮನೆಗಳಲ್ಲಿ ಈ ಲೋಟ ಎಲ್ಲಿರುತ್ತಿತ್ತು? ಈಗ ಎಲ್ಲಿದೆ? ನೆನಪಿದ್ದರೆ ಬರೀರಿ, ಓದ್ತೀನಿ.